ಅತ್ತೆಗೆ ಎಂಬತ್ತಮೂರು ಎಂದು ಬರೆಸಿದವನು ನಾನೇ

ನಮ್ಮ ಸಂಬಂಧಿಕರಲ್ಲಿ ಹನ್ನೊಂದು ಜನ ಹುಟ್ಟಿದ್ದು ಜನವರಿ ಒಂದನೇ ತಾರೀಖು. ಹೆಂಗಸರು, ಗಂಡಸರು ಎಲ್ಲ ಸೇರಿ. ಸುಳ್ಳು ಅನ್ನಿಸಿದರೆ ಅವರ ಆಧಾರ್ ಕಾರ್ಡು ಈಸಿಕೊಂಡು ನೋಡಿ.

ಇದರ ಗುಟ್ಟು ನಿಮ್ಮಲ್ಲಿ ಅನೇಕರಿಗೆ ಗೊತ್ತೇ ಇರುತ್ತದೆ. ಕಾರ್ಡು ಮಾಡುವವನು ಹುಟ್ಟಿದ ದಿನ ಕೇಳುತ್ತಾನೆ. ಇವರಿಗೆ ಗೊತ್ತಿಲ್ಲ. ಹೋಗಲಿ, ವಯಸ್ಸು? ಅದನ್ನು ಪಕ್ಕದಲ್ಲಿ ನಿಂತವರು ಅಂದಾಜಿನ ಮೇಲೆ ಹೇಳುತ್ತಾರೆ. ಅವನು ಕಂಪ್ಯೂಟರಿಗೆ ವರ್ಷ ತುಂಬಿಸಿ, ದಿನ ಮತ್ತು ತಿಂಗಳ ಜಾಗದಲ್ಲಿ ಒಂದು, ಒಂದು ಎಂದು ಒತ್ತಿ, ಮುಂದಿನವರನ್ನು ಕರೆಯುತ್ತಾನೆ. ಆಮೇಲೆ ಪ್ರತಿ ಹೊಸ ವರ್ಷದ ಬೆಳಿಗ್ಗೆ ಬ್ಯಾಂಕಿನಿಂದ ಹುಟ್ಟುಹಬ್ಬದ ಮೆಸೇಜು ಬರುತ್ತದೆ. ನಮ್ಮ ಪಿಳ್ಳಮ್ಮತ್ತೆ ಅದನ್ನು ಮಗನ ಕೈಲಿ ಓದಿಸಿ, "ಯಾರೋ ಪುಣ್ಯಾತ್ಮ ಗ್ಯಾಪ್ಕ ಇಟ್ಕೊಂಡವ್ನೆ" ಎಂದು ಖುಷಿಪಡುತ್ತಾಳೆ.

ನಾನು ಇದನ್ನು ಹತ್ತಾರು ಕಡೆ ಜೋಕು ಮಾಡಿ ಹೇಳಿದ್ದೇನೆ. ಈ ಅಂಕಣದಲ್ಲೂ ಒಮ್ಮೆ ಬರೆದ ನೆನಪು. ಇನ್ನು ಮೇಲೆ ಹೇಳುವುದಿಲ್ಲ. ಯಾಕೆ ಅನ್ನುವುದೇ ಈ ವಾರದ ಕಥೆ.

ಮೊದಲು ಅತ್ತೆಯ ಪರಿಚಯ. ಪಿಳ್ಳಮ್ಮತ್ತೆ ನನ್ನ ಸೋದರಮಾವನ ಹೆಂಡತಿ. ತವರು ಜಾಲಹಳ್ಳಿ ಪಕ್ಕ, ಸೇರಿದ್ದು ಶೆಟ್ಟಿಹಳ್ಳಿಗೆ. ಮಾವ ತೀರಿಕೊಂಡು ಬಹಳ ಕಾಲವಾಯಿತು. ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಮಹಡಿ ಎದ್ದಿದೆ. ಕೆಳಗೆ ಅತ್ತೆ, ಮಗ ಮುನಿರಾಜು, ಸೊಸೆ, ಮೊಮ್ಮಕ್ಕಳು. ಮೇಲೆಲ್ಲ ಬಾಡಿಗೆಯವರು. ಮುನಿರಾಜು, ಎಷ್ಟೋ ಹರಕೆ ಹೊತ್ತ ಮೇಲೆ ತಡವಾಗಿ ಹುಟ್ಟಿದ ಒಬ್ಬನೇ ಮಗ. ನನಗಿಂತ ಏಳು ವರ್ಷ ಚಿಕ್ಕವನು, ಮನೆ ಕಟ್ಟಿಸುವ ಕಂಟ್ರ್ಯಾಕ್ಟರು, ನನ್ನನ್ನು ಭಾವ ಅನ್ನುತ್ತಾನೆ.

ನಾನು ಮೂರು ವರ್ಷದವನಿದ್ದಾಗ ನನ್ನ ಅಮ್ಮನಿಗೆ ಕಾಯಿಲೆಯಾಗಿ, ಆರು ತಿಂಗಳು ಅತ್ತೆಯ ಸೊಂಟ ಬಿಟ್ಟು ಇಳಿದಿರಲಿಲ್ಲವಂತೆ. ಹೊಲಕ್ಕೆ ಹೋದರೂ ನಾನು ಸೊಂಟದ ಮೇಲೆ, ನೀರಿಗೆ ಹೋದರೂ ಸೊಂಟದ ಮೇಲೆ. "ಈ ಬಡ್ಡಿಐದ ನನ್ ಸೊಂಟ ಮುರ್ದಾಕ್ಬುಟ್ಟ" ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ನನಗೆ ತಲೆ ನರೆತು ಹೋಗಿದೆ, ಅವಳಿಗೆ ಅದರ ಲೆಕ್ಕವಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಮುನಿರಾಜು ಫೋನ್ ಮಾಡಿದ. "ಭಾವ, ಅಮ್ಮಂಗೆ ಉಸಿರಾಡಕ್ಕೇ ಆಗ್ತಿಲ್ಲ. ಕಾರಲ್ಲಿ ಹಾಕ್ಕೊಂಡು ಹೊರಟಿದೀನಿ. ಹೆಬ್ಬಾಳದ ಕಡೆ ಯಾವ ಆಸ್ಪತ್ರೆ ಹೇಳು."

ನಾಲ್ಕು ದಿನದಿಂದ ನೆಗಡಿ, ಕೆಮ್ಮು, ಮೈ ಬಿಸಿ. ಡಾಕ್ಟರ ಹತ್ತಿರ ಬಾ ಎಂದರೆ ಮೆಣಸಿನ ಕಷಾಯ ಕುಡಿದು ಮಲಗಿದ್ದಾಳೆ. ಐದನೇ ದಿನ ಎದ್ದು ಕೂತವಳಿಗೆ ಒಂದು ಮಾತು ಪೂರ್ತಿ ಆಡುವಷ್ಟು ಉಸಿರಿಲ್ಲ. ನಾನು ಕೆಂಪಾಪುರದಿಂದ ಆಟೋ ಹಿಡಿದು ಹೋಗುವ ಹೊತ್ತಿಗೆ ಐಸಿಯುಗೆ ಸೇರಿಸಿಯಾಗಿತ್ತು. ನ್ಯುಮೋನಿಯಾ, ಎರಡೂ ಶ್ವಾಸಕೋಶಕ್ಕೆ.

ಮಧ್ಯಾಹ್ನ ಐಸಿಯು ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ನನ್ನ ಮಗಳ ವಯಸ್ಸಿನ ಹುಡುಗಿ. (ನೋಡಿ, ನಾನೂ ಮೊದಲು ಲೆಕ್ಕ ಹಾಕಿದ್ದು ವಯಸ್ಸನ್ನೇ.) ಕುರ್ಚಿ ತೋರಿಸಿ, ನಾವು ಕೂತ ಮೇಲೆ ತಾವು ಕೂತರು.

"ಸರ್, ಮಾಸ್ಕಲ್ಲಿ ಎಷ್ಟು ಆಕ್ಸಿಜನ್ ಕೊಡಬಹುದೋ ಅಷ್ಟೂ ಕೊಡ್ತಿದೀವಿ. ಆದ್ರೂ ಸುಸ್ತಾಗ್ತಿದಾರೆ. ಹೀಗೇ ಆದ್ರೆ ಸಾಯಂಕಾಲದೊಳಗೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಬೇಕಾಗುತ್ತೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು."

ಹಾಕಿ ಎಂದು ನಾವು ಬಾಯಿ ತೆಗೆಯುವ ಮೊದಲೇ ಅವರು ಫೈಲು ನೋಡಿದರು.

"ಎಂಬತ್ತಮೂರು ಅಂತಿದೆ. ನಿಜ ಹೇಳ್ಬೇಕು ಅಂದ್ರೆ, ಈ ವಯಸ್ಸಲ್ಲಿ, ಇಷ್ಟು ಜೋರಾದ ಇನ್ಫೆಕ್ಷನ್ನಲ್ಲಿ ವೆಂಟಿಲೇಟರ್‌ಗೆ ಹೋದವರು ವಾಪಸ್ ಬರೋದು ಕಷ್ಟ ಸರ್. ಬಂದ್ರೂ ಮೊದಲಿನ ಹಾಗೆ ಓಡಾಡೋಕೆ ತಿಂಗಳುಗಟ್ಟಲೆ ಆಗಬಹುದು, ಆಗದೇನೂ ಇರಬಹುದು. ಬೇಡ ಅಂತ ನೀವು ಹೇಳಿದ್ರೂ ತಪ್ಪಲ್ಲ. ಆಗ ಅವರಿಗೆ ಸಂಕಟ ಆಗದ ಹಾಗೆ ನೋಡ್ಕೋತೀವಿ. ಇಬ್ರೂ ಮಾತಾಡ್ಕೊಂಡು ಒಂದು ಗಂಟೇಲಿ ಹೇಳಿ."

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಒತ್ತಾಯವಿಲ್ಲ. ಇಷ್ಟು ನೇರವಾಗಿ ಹೇಳುವ ಡಾಕ್ಟರು ಸಿಕ್ಕಿದ್ದೇ ಪುಣ್ಯ ಎಂದು ಈಗ ಅನ್ನಿಸುತ್ತದೆ.

ಹೊರಗೆ ಬಂದು ಉಕ್ಕಿನ ಬೆಂಚಿನ ಮೇಲೆ ಕೂತೆವು. ಮುನಿರಾಜು ಸೈಟಿನಲ್ಲಿ ನಿಂತು ನಲವತ್ತು ಜನ ಕೆಲಸಗಾರರನ್ನು ಗದರಿಸುವ ಆಸಾಮಿ. ಅಲ್ಲಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

"ನೀನ್ ಓದ್ದೋನು ಭಾವ. ನೀನೇ ಹೇಳು. ಆ ಪೈಪು ಗೀಪು ಎಲ್ಲಾ ಹಾಕಿ ಆ ಜೀವಕ್ಕೆ ಯಾಕೆ ಹಿಂಸೆ ಅಂತ ಒಂದ್ಸಲ ಅನ್ಸುತ್ತೆ. ಬೇಡ ಅಂದ್ರೆ ಹೆತ್ತ ತಾಯಿನ ಕೈಯಾರೆ ಬಿಟ್ಟಂಗೆ ಆಗುತ್ತೆ ಅಂತ ಇನ್ನೊಂದ್ಸಲ."

ಓದಿದವನು ಏನು ಹೇಳಿದ ಗೊತ್ತೆ? "ತುಂಬು ಜೀವನ ಕಣೋ. ಮೊಮ್ಮಕ್ಕಳನ್ನ ಎತ್ತಿ ಆಡಿಸಿದಾಳೆ. ಎಂಬತ್ತಮೂರು ಅಂದ್ರೆ ಕಮ್ಮಿಯೇನಲ್ಲ."

ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು. ಬದುಕಿರುವವಳ ಬಗ್ಗೆ, ಶ್ರದ್ಧಾಂಜಲಿಯ ಭಾಷೆಯಲ್ಲಿ.

ನಾವೆಲ್ಲ ಹೀಗೇ ಅಲ್ಲವೆ? ಯಾರಾದರೂ ಹೋದರು ಎಂದು ತಿಳಿದ ಕೂಡಲೇ ಮೊದಲ ಪ್ರಶ್ನೆ, "ಎಷ್ಟಾಗಿತ್ತು?" ನಲವತ್ತು ಎಂದರೆ ಲೊಚಗುಟ್ಟುತ್ತೇವೆ. ಅರವತ್ತೈದು ಎಂದರೆ ಶುಗರ್ ಇತ್ತಾ, ಹಾರ್ಟಾ ಎಂದು ವಿಚಾರಿಸುತ್ತೇವೆ. ಎಂಬತ್ತು ದಾಟಿತ್ತು ಎಂದರೆ "ಹೌದಾ, ಪಾಪ, ವಯಸ್ಸಾಗಿತ್ತು ಬಿಡಿ" ಎಂದು ಹೇಳಿ, ಕಾಫಿಗೆ ಸಕ್ಕರೆ ಎಷ್ಟು ಅನ್ನುತ್ತೇವೆ. ಸತ್ತವರ ಮನೆಯಲ್ಲಿ ಈ ಮಾತು ಸಮಾಧಾನಕ್ಕೆ ಬರುತ್ತದೆ, ಅದು ಸರಿ. ನಾನು ಅದನ್ನು ಐಸಿಯು ಬಾಗಿಲಲ್ಲಿ, ಇನ್ನೂ ಉಸಿರಿಗಾಗಿ ಒದ್ದಾಡುತ್ತಿದ್ದವಳ ಮೇಲೆ ಉಪಯೋಗಿಸಿದ್ದೆ.

ವೆಂಟಿಲೇಟರ್ ಬೇಡ ಎಂದು ಬರೆದುಕೊಡುವುದಾದರೆ ಅದಕ್ಕೊಂದು ಕಾಗದವಿದೆ. ನರ್ಸು ತಂದುಕೊಟ್ಟರು. ಹೆಸರು ಪಿಳ್ಳಮ್ಮ, ವಯಸ್ಸು ೮೩ ಎಂದು ತುಂಬಿತ್ತು. ಮುನಿರಾಜು ಜೇಬಿನಿಂದ ಪೆನ್ನು ತೆಗೆದು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.

ಆ ಹೊತ್ತಿಗೆ ನನ್ನ ಹೆಂಡತಿ ಸುಜಾತ ಬಂದಳು. ಯಲಹಂಕದ ಒಂದು ಶಾಲೆಯಲ್ಲಿ ಟೀಚರು, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಕೂರುವ ಮೊದಲು ಕಾಗದ ಈಸಿಕೊಂಡು ಓದಿದಳು. ಟೀಚರುಗಳಿಗೆ ಯಾವ ಕಾಗದ ಕಂಡರೂ ತಪ್ಪು ಹುಡುಕುವ ಅಭ್ಯಾಸ.

"ಎಂಬತ್ತಮೂರಾ? ಯಾರ್ ಹೇಳಿದ್ದು?"

"ಆಧಾರ್ ಕಾರ್ಡಲ್ಲಿದೆ."

"ಆಧಾರ್ ಕಾರ್ಡಿಗೆ ಯಾರ್ ಹೇಳಿದ್ದು?"

ಮುನಿರಾಜು ನನ್ನ ಕಡೆ ನೋಡಿದ. ಹೌದು, ಹೇಳಿದ್ದು ನಾನೇ.

ಆಧಾರ್ ಶುರುವಾದ ಹೊಸತರಲ್ಲಿ ಶೆಟ್ಟಿಹಳ್ಳಿಯ ಶಾಲೆಯಲ್ಲಿ ಕ್ಯಾಂಪು ಹಾಕಿದ್ದರು. ಬಿಸಿಲು, ಉದ್ದನೆಯ ಕ್ಯೂ, ಮಕ್ಕಳ ಅಳು. ಮುನಿರಾಜುಗೆ ಯಾವುದೋ ಮನೆಯ ಮೋಲ್ಡಿಂಗ್ ಕೆಲಸವಿದ್ದುದರಿಂದ ಅತ್ತೆಯನ್ನು ನಾನು ಕರೆದುಕೊಂಡು ಹೋಗಿದ್ದೆ. ವಯಸ್ಸು ಎಷ್ಟು ಅತ್ತೆ ಎಂದರೆ, "ಏನಾದ್ರೂ ಬರ್ಸಪ್ಪ" ಎಂದಳು. ಹಾಗಲ್ಲ, ಏನಾದರೂ ನೆನಪು ಹೇಳು, ನಾನು ಲೆಕ್ಕ ಹಾಕುತ್ತೇನೆ ಎಂದೆ. ಅವಳು ಆ ಕಡೆ ಈ ಕಡೆ ನೋಡಿ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು, ಮೆಲ್ಲಗೆ ಹೇಳಿದಳು: "ಫ್ಯಾಕ್ಟ್ರಿ ಸೈರನ್ ಕೂಗಕ್ ಸುರುವಾದ್ ವರ್ಸಾನೇ ಕಣಪ್ಪ ನಾನ್ ದೊಡ್ಡೋಳಾಗಿದ್ದು."

ನನಗೆ ಬಹಳ ಖುಷಿಯಾಯಿತು. ಜಾಲಹಳ್ಳಿಯ ಫ್ಯಾಕ್ಟರಿ ಶುರುವಾದ ವರ್ಷ ನನಗೆ ಬಾಯಿಪಾಠ. ನನ್ನ ಅಪ್ಪ ಅಲ್ಲಿಗೆ ಮೊದಲ ಬ್ಯಾಚಿನಲ್ಲೇ ಸೇರಿದವರು, ನಾನು ಹುಟ್ಟಿ ಬೆಳೆದದ್ದು ಅದರ ಕ್ವಾರ್ಟರ್ಸಿನಲ್ಲಿ. ಆ ವರ್ಷ ಅತ್ತೆ ದೊಡ್ಡವಳಾಗಿದ್ದಳು ಎಂದರೆ ಇಪ್ಪತ್ತು ಅಂತಿಟ್ಟುಕೊಳ್ಳೋಣ. ಇಪ್ಪತ್ತು ಕಳೆದೆ. ಬಂದ ವರ್ಷ ಹೇಳಿದೆ. ಅವನು ಒಂದು, ಒಂದು ಒತ್ತಿದ. ಮುಂದಿನವರು ಬಂದರು.

ಇದನ್ನೆಲ್ಲ ಬೆಂಚಿನ ಮೇಲೆ ಕೂತು ಸುಜಾತಳಿಗೆ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಹಣೆ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳಿ. ಏನಂದ್ರು ಅತ್ತೆ?"

"ಸೈರನ್ ಶುರುವಾದ ವರ್ಷ ದೊಡ್ಡೋಳಾಗಿದ್ದು."

"ದೊಡ್ಡೋಳಾಗಿದ್ದು ಅಂದ್ರೆ ಏನ್ರೀ?"

"ಬೆಳೆದು ದೊಡ್ಡೋಳಾಗಿದ್ದು" ಎಂದೆ.

"ಹೆಣ್ಣುಮಗಳು ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ಹೇಳಿದಾಳೆ. ಇಷ್ಟು ವರ್ಷ ಕನ್ನಡದಲ್ಲಿ ಬರೀತಿದೀರ, ಇದು ಗೊತ್ತಾಗಲಿಲ್ವಾ ನಿಮಗೆ? ಮೈನೆರೆದಿದ್ದು ಅಂತ ಕಣ್ರೀ. ಹನ್ನೆರಡು ವರ್ಷಕ್ಕೋ ಏನೋ ಆಗಿರುತ್ತೆ. ನೀವು ಇಪ್ಪತ್ತು ಮಾಡಿದೀರ. ಎಂಟು ವರ್ಷ ಸುಮ್ನೆ ಸೇರಿಸಿದೀರ ಅವರಿಗೆ."

ಎಂಬತ್ತಮೂರರಲ್ಲಿ ಎಂಟು ಹೋದರೆ ಎಪ್ಪತ್ತೈದು.

ಮುನಿರಾಜು ಪೆನ್ನಿನ ಮುಚ್ಚಳ ಹಾಕಿದ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಯಾವುದೋ ಕಾಲದಲ್ಲಿ, ಬಿಸಿಲು ತಡೆಯಲಾರದೆ, ಬೇಗ ಮನೆಗೆ ಹೋಗಬೇಕೆಂದು ನಾನು ಬಾಯಿಗೆ ಬಂದಂತೆ ಹೇಳಿದ ಒಂದು ಅಂಕಿ ಇಲ್ಲಿ, ಈ ಕಾಗದದ ಮೇಲೆ, ನನ್ನನ್ನು ಸೊಂಟದ ಮೇಲೆ ಹೊತ್ತವಳ ಉಸಿರಿಗೆ ಅಡ್ಡ ನಿಂತಿತ್ತು. ನಾಚಿಕೆ ಎಂದರೆ ಸಾಲದು.

ಮೂವರೂ ಡಾಕ್ಟರ ಹತ್ತಿರ ಹೋದೆವು. ಇದನ್ನು ಹೇಗೆ ಹೇಳುವುದು? ನಾನು ತಡವರಿಸುತ್ತಿದ್ದೆ, ಸುಜಾತ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದಳು. ಡಾಕ್ಟರ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು.

"ನಮ್ಮಜ್ಜೀದೂ ಜನವರಿ ಒಂದೇ ಸರ್" ಎಂದರು. ಆಮೇಲೆ ಗಂಭೀರವಾದರು. "ಎಪ್ಪತ್ತೈದು ಅಂದ್ರೆ ಸ್ವಲ್ಪ ವ್ಯತ್ಯಾಸ ಆಗುತ್ತೆ, ಇಲ್ಲ ಅನ್ನಲ್ಲ. ವಯಸ್ಸು ಜಾಸ್ತಿ ಆದಷ್ಟೂ ವೆಂಟಿಲೇಟರಿಂದ ಆಚೆ ಬರೋದು ಕಷ್ಟ ಆಗ್ತಾ ಹೋಗುತ್ತೆ. ಆದ್ರೆ ವಯಸ್ಸೊಂದೇ ಅಲ್ಲ. ಕಿಡ್ನಿ, ಹಾರ್ಟು ಚೆನ್ನಾಗಿದೆ ಅವರದು. ಇನ್ನೊಂದು ನೀವು ಹೇಳಬೇಕು. ಈ ಜ್ವರ ಬರೋಕೆ ಮುಂಚೆ ಹೇಗಿದ್ರು? ಎದ್ದು ಓಡಾಡ್ತಿದ್ರಾ? ತಮ್ಮ ಕೆಲಸ ತಾವೇ ಮಾಡ್ಕೋತಿದ್ರಾ?"

ಮುನಿರಾಜು ಶುರುಮಾಡಿದ. ಅವನಿಗೆ ಅಮ್ಮನ ಬಗ್ಗೆ ಮಾತಾಡು ಎಂದರೆ ಬರುವುದು ಕಂಪ್ಲೇಂಟು ಮಾತ್ರ.

"ಓಡಾಡೋದಾ? ಹೇಳಿ ಹೇಳಿ ಸಾಕಾಗಿದೆ ಮೇಡಂ. ಲಿಫ್ಟ್ ಹಾಕ್ಸಿದೀನಿ, ಹತ್ತಲ್ಲ. ಅದು ಪೆಟ್ಗೆ ಅಂತೆ, ಸತ್ತೋರನ್ನ ಹಾಕೋದಂತೆ. ದಿನಾ ಬೆಳಿಗ್ಗೆ ಮೂರ್ ಮಹಡಿ ಹತ್ತಿ ಟೆರೇಸಿಗೆ ಹೋಗಿ ಟ್ಯಾಂಕ್ ಇಣುಕ್ತಾಳೆ. ನೀರು ತುಂಬಿ ಚೆಲ್ತಿದ್ರೆ ಅಲ್ಲಿಂದಾನೇ ಕೂಗಾಡ್ತಾಳೆ. ಬಾಡಿಗೆಯವ್ರ ಜೊತೆ ಜಗಳ. ಖಾಲಿ ಸೈಟಲ್ಲಿ ಅವರೆ ಹಾಕೌಳೆ, ನೀರ್ ಹೊತ್ಕೊಂಡ್ ಹೋಗ್ತಾಳೆ. ನಮ್ಮನೇವ್ಳು ಬಟ್ಟೆ ಒಗ್ದ್ರೆ ಸರಿಹೋಗಲ್ಲ, ವಾಪಸ್ ತಾನೇ ಒಗೀಬೇಕು. ನನ್ ಮರ್ಯಾದೆ ಏನಾಗ್ಬೇಕು ಹೇಳಿ, ನೋಡ್ದೋರು ಏನಂತಾರೆ."

ಡಾಕ್ಟರು ಬರೆದುಕೊಳ್ಳುತ್ತಿದ್ದರು. ಅವನು ತಟ್ಟನೆ ನಿಲ್ಲಿಸಿದ. ತಾನು ಏನು ಹೇಳುತ್ತಿದ್ದೇನೆ ಎಂದು ಅವನಿಗೇ ಕೇಳಿಸಿತು ಎಂದು ಕಾಣುತ್ತದೆ. ಕಣ್ಣು ಒರೆಸಿಕೊಂಡ.

ಇಷ್ಟು ಕಾಲ ನಾವೆಲ್ಲ ಅತ್ತೆಯ ಬಗ್ಗೆ ಆಡಿಕೊಂಡದ್ದೇ ಇದು. ಸುಮ್ಮನೆ ಒಂದು ಕಡೆ ಕೂರಲ್ಲ, ಹೇಳಿದ್ದು ಕೇಳಲ್ಲ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಇವಳಿಗೆ. ಮೂಲೆಯಲ್ಲಿ ಟಿವಿ ನೋಡುತ್ತಾ ಕೂರುವ ಮುದುಕಿಯಾಗು ಎಂದು ಎಲ್ಲರೂ ಸೇರಿ ಬುದ್ಧಿ ಹೇಳಿದೆವು. ಅವಳು ಕೇಳದೆ ಇದ್ದದ್ದೇ ಈಗ ಅವಳ ಫೈಲಿನಲ್ಲಿ ಅವಳ ಪರವಾಗಿ ಇರುವ ದೊಡ್ಡ ಸಾಕ್ಷಿ. ನಿಮ್ಮ ಮನೆಯಲ್ಲೂ ಇಂಥವರು ಇರಬಹುದು. ಒಂದು ವಾರ ಅವರನ್ನು ಬೈಯದೆ ಇದ್ದು ನೋಡಿ.

"ಸರಿ" ಎಂದರು ಡಾಕ್ಟರು. "ಹೀಗೆ ಮಾಡೋಣ. ಹಾಕಿ ನೋಡೋಣ. ಐದಾರು ದಿನ ಟೈಮ್ ಕೊಡೋಣ. ಸುಧಾರಿಸ್ತಿಲ್ಲ ಅಂದ್ರೆ ಮತ್ತೆ ಕೂತು ಮಾತಾಡೋಣ. ಬೇರೆ ಅಂಗಾಂಗ ಕೈಕೊಡೋಕೆ ಶುರುವಾದ್ರೆ ಸುಮ್ನೆ ಎಳೆಯೋದು ಬೇಡ." ಆಮೇಲೆ ಕೇಳಿದರು, "ಅಂದ ಹಾಗೆ, ಅವರನ್ನ ಕೇಳಿದ್ರಾ?"

"ಯಾರನ್ನ?"

"ಅವರನ್ನೇ ಸರ್. ಎಚ್ಚರವಾಗಿದಾರೆ. ಮಾಸ್ಕ್ ಇದೆ ಅಷ್ಟೆ."

ಡಾಕ್ಟರನ್ನು ಕೇಳಿದ್ದೆವು, ನಮ್ಮನ್ನು ನಾವು ಕೇಳಿಕೊಂಡಿದ್ದೆವು. ಆ ಗೋಡೆಯ ಆಚೆ ಮಲಗಿದ್ದವಳಿಗೂ ಒಂದು ಅಭಿಪ್ರಾಯ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮುನಿರಾಜು ತನ್ನ ಕೈಲಿ ಆಗಲ್ಲ ಎಂದ. ನಾನು ಒಳಗೆ ಹೋದೆ. ಅತ್ತೆ ದಿಂಬಿಗೆ ಒರಗಿ ಕೂತೇ ಇದ್ದಳು. ಎದೆ ಬೇಗ ಬೇಗ ಏರಿಳಿಯುತ್ತಿತ್ತು. ಮೂಗುಬೊಟ್ಟು ಬಿಚ್ಚಿಟ್ಟಿದ್ದರಿಂದ ಮುಖ ಬೇರೆ ಯಾರದೋ ಎಂಬಂತೆ ಕಂಡಿತು. ನಾನು ಹೋದ ಕೂಡಲೇ ಕೈ ಚಾಚಿ ನನ್ನ ಶರ್ಟಿನ ತುದಿ ಹಿಡಿದಳು.

"ಅತ್ತೆ, ಗಂಟಲೊಳಗೆ ಒಂದು ಪೈಪ್ ಹಾಕ್ತಾರಂತೆ. ಮಿಷನ್ನೇ ಉಸಿರಾಡಿಸುತ್ತಂತೆ. ನಿದ್ದೆ ಬರೋಕೆ ಔಷಧಿ ಕೊಡ್ತಾರೆ. ವಾಸಿ ಆಗಬಹುದು, ಆಗದೇನೂ ಇರಬಹುದು. ನಿಂಗೆ ಇಷ್ಟ ಇಲ್ಲ ಅಂದ್ರೆ ಬೇಡ. ಏನ್ ಮಾಡೋಣ?"

ಒಂದೊಂದು ಪದಕ್ಕೂ ಒಂದೊಂದು ಉಸಿರು.

"ಆಮೇಕೆ... ತೆಗೀತಾರ?"

"ಸುಧಾರಿಸಿದ್ರೆ ತೆಗೀತಾರೆ."

"ಆಕ್ಲಿ ಬುಡು." ಮತ್ತೆ ಉಸಿರು ಎಳೆದುಕೊಂಡಳು. "ಆಗ್ನಿಲ್ಲಾ ಅಂದ್ರೆ... ಸುಮ್ಕೆ ಇಲ್ಲಿ ಮಡೀಕ್ಕೋಬ್ಯಾಡ್ರಿ. ಮನೇಗ್ ಕರ್ಕೊಂಡೋಗ್ರಿ."

ಅಷ್ಟೇ. ನಾವು ಒಂದು ಗಂಟೆ ಕೂತು, ಬೆವರಿ, ಹೇಡಿಗಳ ಹಾಗೆ ಶ್ರದ್ಧಾಂಜಲಿ ಭಾಷೆ ಆಡಿ ತೀರ್ಮಾನ ಮಾಡಲಾಗದ್ದನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದಳು. ಡಾಕ್ಟರು ಹೇಳಿದ್ದೂ ಅದನ್ನೇ, ಇಂಗ್ಲಿಷ್ ಸ್ವಲ್ಪ ಜಾಸ್ತಿ ಇತ್ತು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಅದು ಗೊತ್ತು. ದಿನಕ್ಕೆ ಎರಡು ಸಲ ಒಳಗೆ ಬಿಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು, ಮಿಷನ್ನು ಅವಳ ಬದಲು ಉಸಿರಾಡುತ್ತಿತ್ತು. ನಾನು ಕಾಲು ಮುಟ್ಟಿ ನೋಡಿ ಬರುತ್ತಿದ್ದೆ. ಬೆಚ್ಚಗಿದ್ದರೆ ಸಮಾಧಾನ.

ಆ ಬೆಂಚಿನ ಮೇಲೆ ಇನ್ನೊಬ್ಬರು ಕೂರುತ್ತಿದ್ದರು. ಆರ್.ಟಿ. ನಗರದವರು, ಹಿಂದೆ ಟೈಲರ್ ಅಂಗಡಿ ಇಟ್ಟಿದ್ದರಂತೆ. ಅವರ ಮಗ ಅತ್ತೆಯ ಪಕ್ಕದ ಬೆಡ್ಡಿನಲ್ಲಿದ್ದ. ಅದೇ ಇನ್ಫೆಕ್ಷನ್, ಅದೇ ವೆಂಟಿಲೇಟರ್. ಮೂವತ್ತೆಂಟು ವರ್ಷ. ಮಾತು ಶುರುವಾದದ್ದು ನಮ್ಮ ಮಾಮೂಲಿ ಪ್ರಶ್ನೆಯಿಂದಲೇ.

"ನಿಮ್ಮವ್ರಿಗೆ ಎಷ್ಟ್ ವಯಸ್ಸು ಸರ್?"

ನಾನು ಎಪ್ಪತ್ತೈದು ಎಂದೆ. ಅವರು ಹೂಂ ಎಂದರು. ಅವರು ಮನಸ್ಸಿನಲ್ಲಿ ಏನು ಲೆಕ್ಕ ಹಾಕಿದರು ಎಂದು ನನಗೆ ಗೊತ್ತಾಯಿತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ತನ್ನ ಮಗ ಬದುಕಲೇಬೇಕು, ಆ ನಂಬಿಕೆಗೆ ಅವರ ಹತ್ತಿರ ಇದ್ದದ್ದು ಆ ಮೂವತ್ತೆಂಟು ಎಂಬ ಅಂಕಿ. ಡಾಕ್ಟರೂ ಅದನ್ನೇ ನಂಬಿಕೊಂಡಿದ್ದರು.

ಐದನೇ ದಿನ ಅವರ ಮಗ ತೀರಿಕೊಂಡ.

ಏಳನೇ ದಿನ ಅತ್ತೆಯ ಗಂಟಲಿನಿಂದ ಟ್ಯೂಬ್ ತೆಗೆದರು.

ಏನೋ ಕಾಗದಪತ್ರಕ್ಕೆಂದು ಆ ಟೈಲರ್ ಆವತ್ತು ಆಸ್ಪತ್ರೆಗೆ ಬಂದಿದ್ದರು. ಲಿಫ್ಟಿನ ಹತ್ತಿರ ನನ್ನನ್ನು ನೋಡಿ, ತಾವೇ ಬಂದು ವಿಚಾರಿಸಿದರು. ಹೇಳಿದೆ. "ಒಳ್ಳೇದಾಯ್ತು ಸರ್, ಒಳ್ಳೇದಾಯ್ತು" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಏನು ಹೇಳಬೇಕಿತ್ತು? ಒಂದು ವಾರದ ಹಿಂದೆ ಎಂಬತ್ತಮೂರು ಎಂದರೆ ಕಮ್ಮಿಯೇನಲ್ಲ ಎಂದು ಭಾಷಣ ಮಾಡಿದ ಬಾಯಿಗೆ ಒಂದು ಮಾತೂ ಬರಲಿಲ್ಲ. ಅವರು ಮೆಟ್ಟಿಲಿಳಿದು ಹೋಗುವವರೆಗೂ ನೋಡುತ್ತಾ ನಿಂತಿದ್ದೆ.

ಡಾಕ್ಟರನ್ನು ಕೇಳಿದೆ, ಇದು ಯಾಕೆ ಹೀಗಾಯಿತು ಎಂದು. "ವಯಸ್ಸು ಅನ್ನೋದು ನೂರಾರು ಜನರ ಬಗ್ಗೆ ಹೇಳುತ್ತೆ ಸರ್" ಎಂದರು. "ಬೆಡ್ಡಲ್ಲಿ ಮಲಗಿರೋದು ಒಬ್ಬರೇ. ಅವರ ಬಗ್ಗೆ ಹೇಳೋದು ನಮಗೂ ಕಷ್ಟ." ಅವರ ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟಿದ್ದಕ್ಕೋ, ಬೇರೆ ಕಾರಣಕ್ಕೋ, ನಾನು ಕೇಳಲಿಲ್ಲ.

ಅತ್ತೆ ಮನೆಗೆ ಬಂದಳು. ಮೊದಲಿನ ಹಾಗಲ್ಲ. ತೋಳಿನ ಮಾಂಸವೆಲ್ಲ ಕರಗಿ ಬಳೆ ಮೊಣಕೈವರೆಗೆ ಜಾರುತ್ತದೆ. ಧ್ವನಿ ಒಡೆದಿದೆ. ಮಹಡಿ ಹತ್ತುವುದಿರಲಿ, ಬಚ್ಚಲಿಗೆ ಹೋಗಲು ಸೊಸೆಯ ಕೈ ಬೇಕು. ಮೊದಲ ವಾರ ಹಗಲು ಯಾವುದು, ಸಂಜೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಬದುಕಿ ಬರುವುದು ಎಂದರೆ ಎದ್ದು ಕುಣಿಯುವುದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಟ್ಯಾಂಕ್ ತುಂಬಿ ಚೆಲ್ಲಿದ ಸದ್ದು ಕೇಳಿದರೆ, ಆ ಒಡೆದ ಧ್ವನಿಯಲ್ಲೇ ಬಾಡಿಗೆಯವರನ್ನು ಬೈಯುತ್ತಾಳೆ. ಮುನಿರಾಜು ಈಗ ತಡೆಯುವುದಿಲ್ಲ.

ಹೋದ ಭಾನುವಾರ ನಾನು, ಸುಜಾತ ಶೆಟ್ಟಿಹಳ್ಳಿಗೆ ಹೋಗಿದ್ದೆವು. ಅತ್ತೆ ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು ಎಳೆ ಬಿಸಿಲಿಗೆ ಕೂತಿದ್ದಳು. ಮುನಿರಾಜು ಆಧಾರ್ ತಿದ್ದಿಸುವ ಮಾತೆತ್ತಿದ. ಸುಜಾತಳಿಗೆ ಇಷ್ಟು ಸಾಕಾಯಿತು.

"ಅತ್ತೆ, ನಿಮ್ಮ ಅಳಿಯ ನಿಮಗೆ ಎಂಟು ವರ್ಷ ಜಾಸ್ತಿ ಬರೆಸಿದ್ರು ಗೊತ್ತಾ? ನೀವು ದೊಡ್ಡೋಳಾಗಿದ್ದು ಅಂದ್ರೆ ಅವರಿಗೆ ಅರ್ಥ ಆಗಿಲ್ಲ." ಎಲ್ಲ ಬಿಡಿಸಿ ಹೇಳಿದಳು. ಅವರಪ್ಪನ ಫ್ಯಾಕ್ಟರಿ ಸೈರನ್ ಶುರುವಾದ ವರ್ಷ ನಿಮಗೆ ಹನ್ನೆರಡು, ಹಾಗಾಗಿ ಈಗ ಎಪ್ಪತ್ತೈದು ಎಂದಳು.

ಅತ್ತೆ ನಗುತ್ತಾಳೆ ಅಂದುಕೊಂಡೆ. ಅವಳು ಹುಬ್ಬು ಗಂಟು ಹಾಕಿದಳು.

"ಯಾವ್ ಸೈರನ್ನು?"

"ನಮ್ಮಪ್ಪನ ಫ್ಯಾಕ್ಟ್ರಿದು" ಎಂದೆ.

"ಅದಲ್ಲ ಕಣ್ಲಾ. ನಿಮ್ಮಪ್ಪನ್ ಫ್ಯಾಕ್ಟ್ರಿ ಬರೋವೊತ್ಗೆ ನಾನ್ ಮದ್ವೆಯಾಗಿ ಈ ಮನೇಗ್ ಬಂದಿದ್ದೆ. ನಾನ್ ಯೋಳಿದ್ದು ಅದ್ಕೂ ಮುಂಚೆ ಇನ್ನೊಂದು ಫ್ಯಾಕ್ಟ್ರಿ ಬಂತಲ್ಲ, ಮೊದ್ಲುನೇದು, ಅದ್ರ ಸೈರನ್ನು." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ದೊಡ್ಡೋಳಾದೆ ಅಂತ ನನ್ನ ಸೊಪ್ಪಿನ್ ಗುಡ್ಲಲ್ಲಿ ಕೂರ್ಸಿದ್ರು. ಒಬ್ಳೇ ಇದ್ದೆ. ಇದ್ದಕ್ಕಿದ್ದಂಗೆ ಕೂಗ್ತು ನೋಡು, ಎದ್ರುಕೊಂಡು ಆಚೆಗ್ ಓಡ್ ಬಂದ್ಬುಟ್ಟೆ. ಮುಟ್ಟಾದ್ ಮುಂಡೇದು ಎಲ್ಲಾರ್ ಮುಂದೆ ಓಡ್ ಬತ್ತದೆ ಅಂತ ನಮ್ಮವ್ವ ವಡುದ್ಲು. ಅದ್ ಮರೀತೀನಾ?"

ಜಾಲಹಳ್ಳಿಯ ಮೊದಲ ಫ್ಯಾಕ್ಟರಿ ನನ್ನಪ್ಪನ ಫ್ಯಾಕ್ಟರಿಗಿಂತ ಎಂಟು ವರ್ಷ ಮುಂಚಿನದು. ಕ್ವಾರ್ಟರ್ಸಿನ ಮಕ್ಕಳೆಲ್ಲರಿಗೂ ಗೊತ್ತಿದ್ದ ವಿಷಯ.

ಸುಜಾತ ಬೆರಳು ಮಡಿಸುತ್ತಿದ್ದವಳು ನಿಲ್ಲಿಸಿದಳು. ಎಪ್ಪತ್ತೈದಕ್ಕೆ ಎಂಟು ಸೇರಿಸಲು ಟೀಚರೇ ಆಗಬೇಕಿಲ್ಲ. ಫ್ಯಾಕ್ಟರಿಯಲ್ಲೊಂದು, ವಯಸ್ಸಿನಲ್ಲೊಂದು, ಎರಡು ತಪ್ಪು ಮಾಡಿ ನಾನು ಬರೆಸಿದ ಉತ್ತರ ಸರಿಯಾಗಿಯೇ ಇತ್ತು. ಪಿಳ್ಳಮ್ಮತ್ತೆಗೆ ಎಂಬತ್ತಮೂರು. ಅಂದು ಆ ಕಾಗದದ ಮೇಲಿದ್ದಷ್ಟೇ.

ಮುನಿರಾಜು ಹೋಗಿ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಅತ್ತೆಗೆ ನಾವು ಯಾಕೆ ಸುಮ್ಮನಾದೆವು ಎಂದು ತಿಳಿಯಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದು ಸೊಸೆಯನ್ನು ಕೂಗಿದಳು.

ಅವಳ ನಿಜವಾದ ವಯಸ್ಸು ಆವತ್ತೇ ನಮಗೆ ಖಚಿತವಾಗಿದ್ದಿದ್ದರೆ, ನಿನಗೆ ಏನು ಬೇಕು ಎಂದು ಅವಳನ್ನು ಕೇಳುತ್ತಿದ್ದೆವಾ?